ಫಿಲ್ಟರಿನ ನಡುವಿನ ತೂತು

ನನ್ನ ಭಾವನಿಗೆ ಡ್ರೈವರುಗಳು ಇಟ್ಟ ಹೆಸರು ಕೆಂಡ. ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಮೂವತ್ತೊಂದು ವರ್ಷ ಲಾರಿ ರಿಪೇರಿ ಮಾಡಿದ್ದಾರೆ, ಬೈದದ್ದು ಅದಕ್ಕಿಂತ ಹೆಚ್ಚು. ಬೈಸಿಕೊಳ್ಳದೆ ಗ್ಯಾರೇಜು ಬಿಟ್ಟವನಿಗೆ ಗಾಡಿ ನಿಜವಾಗಿ ಸರಿಯಾಯಿತೋ ಇಲ್ಲವೋ ಎಂಬ ಅನುಮಾನ. ಈಚೆಗೆ ಬೈಸಿಕೊಳ್ಳುವವರೂ ಕಡಿಮೆಯಾಗಿದ್ದರು. ಎಲ್ಲರೂ ಹೆದ್ದಾರಿಯ ಹೊಸ ಗ್ಯಾರೇಜಿಗೆ ಹೋಗುತ್ತಿದ್ದರು. ತಪ್ಪದೆ ಬರುತ್ತಿದ್ದುದು ನನ್ನದೊಂದೇ ಲಾರಿ.

ಅವರ ಸಿಟ್ಟುಗಳಲ್ಲೆಲ್ಲ ದೊಡ್ಡದು ಡೀಸೆಲ್ ಫಿಲ್ಟರಿನದು. ಹೊಸ ಫಿಲ್ಟರನ್ನು ಖಾಲಿಯಾಗಿಯೇ ಕೂರಿಸಬೇಕು. ಆಮೇಲೆ ಒಳಗಿನ ಗಾಳಿಯೆಲ್ಲ ಹೊರಬಿದ್ದು ಡೀಸೆಲ್ ತುಂಬುವವರೆಗೆ ಹ್ಯಾಂಡ್ ಪಂಪನ್ನು ಒತ್ತುತ್ತಲೇ ಇರಬೇಕು. ನೂರೈವತ್ತು ಸಲವಾದರೂ ಆಗುತ್ತದೆ. ಮೈಗಳ್ಳರು ಇದನ್ನು ತಪ್ಪಿಸಿಕೊಳ್ಳಲು ಫಿಲ್ಟರಿನ ನಡುವಿನ ತೂತಿಗೆ ಜಗ್ಗಿನಿಂದ ಡೀಸೆಲ್ ಸುರಿದು ಕೂರಿಸಿಬಿಡುತ್ತಾರೆ. ಆ ತೂತು ಸೋಸಿದ ಡೀಸೆಲ್ ಹೊರಹೋಗುವ ದಾರಿ. ಅಲ್ಲಿ ಸುರಿದ ಕಸ ನೇರ ಎಂಜಿನ್ನಿಗೇ ಹೋಗುತ್ತದೆ. ನಾನೊಮ್ಮೆ ಹಾಗೆ ಮಾಡಿದಾಗ ಭಾವ ನನ್ನ ಜನ್ಮ ಜಾಲಾಡಿಬಿಟ್ಟಿದ್ದರು. "ಸೋಸದೆ ಕುಡಿಸೋದಾದ್ರೆ ಫಿಲ್ಟರ್ ಯಾಕೋ, ಅಲಂಕಾರಕ್ಕಾ?" ಎಂದು ಕೂಗಿ ಎಂಟು ದಿನ ಮಾತು ಬಿಟ್ಟಿದ್ದರು.

ಕಳೆದ ವಾರ ನನ್ನ ಲಾರಿಯ ಫಿಲ್ಟರ್ ಬದಲಾಯಿಸಿದ್ದು ಅವರೇ. ಆಗ ನಾನು ಗ್ಯಾರೇಜಿನ ಹಿಂದಿನ ಮನೆಯಲ್ಲಿ ಅಕ್ಕನ ಜೊತೆ ಊಟಕ್ಕೆ ಕೂತಿದ್ದೆ. ಮೂರನೆಯ ದಿನ ಗುಡ್ಡದ ಏರಿನಲ್ಲಿ, ಹನ್ನೆರಡು ಟನ್ ಸಿಮೆಂಟ್ ಹೊತ್ತ ಗಾಡಿ ಕೆಮ್ಮಿ ಕೆಮ್ಮಿ ನಿಂತೇಬಿಟ್ಟಿತು. ಹಿಂದೆಯೇ ಶಾಲೆಯ ಬಸ್ಸು. ಬ್ರೇಕ್ ಹಿಡಿಯಿತು, ಸರಿ. ಹಿಡಿಯದಿದ್ದರೆ? ಕಿಟಕಿಗಳಲ್ಲಿದ್ದ ಆ ಮಕ್ಕಳ ಮುಖ ನನ್ನ ಕನ್ನಡಿಯಲ್ಲಿ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಲಾರಿಯನ್ನು ಎಳೆಸಿಕೊಂಡು ಬಂದೆ. ಏರಿನಲ್ಲಿ ಕೆಮ್ಮಿ ನಿಂತದ್ದನ್ನು ಫೋನಿನಲ್ಲಿ ಹೇಳಿದ್ದೆ. ನಾನು ಇಳಿಯುವ ಮೊದಲೇ ಭಾವ ಶುರುಹಚ್ಚಿದರು.

"ಯಾವ ಬಂಕಲ್ಲಿ ಹಾಕ್ಸಿದ್ಯೋ ಆ ಕೊಳಕು ಡೀಸೆಲ್ನ? ಕಣ್ಣು ಎಲ್ಲಿಟ್ಕೊಂಡಿದ್ದೆ?"

ನನ್ನ ಪಿತ್ತ ನೆತ್ತಿಗೇರಿತು. ಸ್ಪ್ಯಾನರ್ ತೆಗೆದುಕೊಂಡು ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ಪೈಪನ್ನು ಬಿಚ್ಚಿ ಅಂಗೈ ಮೇಲೆ ಕೊಡವಿದೆ. ಡೀಸೆಲ್ ಜೊತೆ ತುಕ್ಕಿನ ಚಕ್ಕೆಗಳು ಬಿದ್ದವು. ಟ್ಯಾಂಕಿನ ಕೊಳೆಯಾಗಿದ್ದರೆ ಫಿಲ್ಟರಿನಲ್ಲೇ ನಿಲ್ಲಬೇಕಿತ್ತು. ಬೆಂಚಿನ ಮೇಲಿದ್ದ ತಗಡಿನ ಜಗ್ಗನ್ನು ಬಗ್ಗಿಸಿ ನೋಡಿದೆ. ತಳದಲ್ಲಿ ಅದೇ ಚಕ್ಕೆ.

"ನಡುವಿನ ತೂತಿಗೆ ಸುರಿದ್ರಲ್ಲ ಭಾವ! ನೀವು! ಇಷ್ಟು ವರ್ಷ ನಮ್ಮನ್ನೆಲ್ಲ ಉಗಿದವರು! ಹಿಂದೆ ಮಕ್ಕಳಿದ್ರು, ಗೊತ್ತಾ?"

ಕೆಂಡ ಎಂದು ಹೆಸರಾದವರು ಆ ಜಗ್ಗನ್ನು ಬೆಂಚಿನ ಮೂಲೆಗೆ ಸರಿಸಿದರು. ಅವರು ತಿರುಗಿ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ನಾನು ಇನ್ನೂ ಕೂಗಾಡಿದೆ, ಬಾಯಿಗೆ ಬಂದದ್ದೆಲ್ಲ ಅಂದೆ.

ಗಲಾಟೆ ಕೇಳಿ ಅಕ್ಕ ಒದ್ದೆ ಕೈಯಲ್ಲೇ ಓಡಿಬಂದಳು. "ಸಾಕು ನಿಲ್ಸೋ. ಅವರ ಬಲಗೈ ಎದೆ ಮಟ್ಟಕ್ಕೂ ಏಳಲ್ಲ. ನಾಲ್ಕು ತಿಂಗಳಿಂದ ಅಂಗಿ ನಾನೇ ತೊಡಿಸ್ತಿದೀನಿ. ಎಡಗೈ ಒಂದರಲ್ಲೇ ಆ ಪಂಪ್ ಅಷ್ಟು ಸಲ ಒತ್ತೋದು ಹೇಗೆ ಅವರು?"

"ಹೇಳೋಕೇನಾಗಿತ್ತು?" ಎಂದು ನಾನು ಭಾವನ ಮೇಲೆಯೇ ಎಗರಿದೆ. "ನಾನು ಇಲ್ಲೇ ಒಳಗೆ ಕೂತಿದ್ನಲ್ಲ! ಕೂಗಿದ್ರೆ ಬಂದು ಒತ್ತಿ ಕೊಡ್ತಿರ್ಲಿಲ್ವಾ?"

ಭಾವ ಎಡಗೈಯಿಂದ ನನ್ನ ಕೈಲಿದ್ದ ಸ್ಪ್ಯಾನರನ್ನು ತೆಗೆದುಕೊಂಡು ಪೆಟ್ಟಿಗೆಯಲ್ಲಿಟ್ಟರು.

"ಅವತ್ತು ನೀನು ಒತ್ತಿ ಕೊಡ್ತಿದ್ದೆ," ಎಂದರು. "ಮುಂದಿನ ಸಲ ಗಾಡಿ ಹೊಸ ಗ್ಯಾರೇಜಿಗೆ ಹೋಗ್ತಿತ್ತು."

ಹಾಗಲ್ಲ ಎನ್ನಲು ಬಾಯಿ ತೆರೆದೆ. ಆದರೆ ಹಾದಿಯುದ್ದಕ್ಕೂ ನಾನು ಲೆಕ್ಕ ಹಾಕಿಕೊಂಡು ಬಂದಿದ್ದದ್ದೇ ಅದು. ಅದಕ್ಕೇ ಅವರ ಮೇಲೆ ಮತ್ತಷ್ಟು ಸಿಟ್ಟು ಬಂತು.