ದುಭಾಷಿ ಆಂಟಿ

ಹ್ಯಾನೋವರಿನಲ್ಲಿ ನಮ್ಮ ಮೇಲಿನ ಮನೆಯಲ್ಲೊಬ್ಬರು ಕನ್ನಡದ ಆಂಟಿ ಇದ್ದರು. ನನ್ನ ಜರ್ಮನ್ ಭಾಷೆ ಬೇಕರಿಯಿಂದಾಚೆ ಹೋಗದ ಕಾರಣ, ಡಾಕ್ಟರ ಬಳಿಗೆ ಅವರೇ ದುಭಾಷಿ. ಡಾಕ್ಟರು ಐದು ನಿಮಿಷ ಮಾತಾಡಿದ್ದನ್ನು ಆಂಟಿ ಕೈ ಕೊಡವಿ, "ಏನಿಲ್ಲ ಬಿಡಿ" ಎಂದು ಮುಗಿಸುತ್ತಿದ್ದರು. ನಮ್ಮ ಯಜಮಾನರ ಪಿತ್ತಕೋಶದ ಕಲ್ಲು ಅವರ ಕನ್ನಡದಲ್ಲಿ ಬರೀ ಗ್ಯಾಸ್ ಆಗಿತ್ತು.

ಹದಿನೈದರ ಮಗಳ ಮುಟ್ಟು ನಿಂತು ತಿಂಗಳುಗಳಾದಾಗಲೂ ಅವರನ್ನೇ ಕರೆದೊಯ್ದೆ. ಇಲ್ಲೇ ಬೆಳೆದ ಮಗಳಿಗೆ ಜರ್ಮನ್ ಸಲೀಸು. ಆದರೆ ಅಂಥ ಮಾತನ್ನು ಮಗುವಿನ ಬಾಯಲ್ಲಿ ಆಡಿಸುವುದುಂಟೇ?

ಎರಡನೇ ರಕ್ತಪರೀಕ್ಷೆಯ ವರದಿ ಹಿಡಿದು ಡಾಕ್ಟರಮ್ಮ ಬಹಳ ಹೊತ್ತು ವಿವರಿಸಿದರು. ಆಂಟಿ ಈ ಸಲ ಹ್ಯಾಂಡ್‌ಬ್ಯಾಗಿನ ಜಿಪ್ ಎಳೆಯುತ್ತ, "ಏನಿಲ್ಲ ಬಿಡಿ, ಎಕ್ಸಾಮ್ ಟೆನ್ಷನ್ನು" ಎಂದರು.

ಮಗಳು ನನ್ನತ್ತ ತಿರುಗಿದಳು. "ಅಮ್ಮಾ, ಡಾಕ್ಟರ್ ಹಾಗನ್ಲಿಲ್ಲ. ಎರಡು ಟೆಸ್ಟಲ್ಲೂ ಒಂದೇ ಬಂದಿದೆ. ನನ್ನ ಓವರೀಸ್ ಸರಿಯಾಗಿ ಕೆಲ್ಸ ಮಾಡ್ತಿಲ್ಲ. ಈಗಿಂದ್ಲೇ ಹಾರ್ಮೋನ್ ತಗೋಬೇಕು, ಇಲ್ಲಾಂದ್ರೆ ಮೂಳೆ ವೀಕ್ ಆಗತ್ತೆ. ಮುಂದೆ ಮಕ್ಕಳಾಗೋದೂ ಕಷ್ಟ ಇರ್ಬಹುದಂತೆ."

ನಾನು ಮಗಳ ಕೈ ಹಿಡಿದುಕೊಂಡೆ. ಆಂಟಿಯೋ ಬಿಕ್ಕಿ ಬಿಕ್ಕಿ ಅಳತೊಡಗಿದರು. ರೋಗಿ ಯಾರೆಂದು ಡಾಕ್ಟರಮ್ಮನಿಗೇ ಅನುಮಾನ ಬಂದಿರಬೇಕು. ನೀರಿನ ಲೋಟ ಆಂಟಿಯ ಕೈಗೆ ಕೊಟ್ಟರು.

ಮಗಳು ಅವರ ಬೆನ್ನು ಸವರಿದಳು.

"ಏನಿಲ್ಲ ಬಿಡಿ, ಆಂಟಿ."