ಪಕ್ಕೀರಮ್ಮನ ಗ್ಲಾಸುಗಳು

ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ. ಅದಕ್ಕೆ ಅಂಟಿಕೊಂಡೇ ಪಕ್ಕೀರಮ್ಮನ ಚಹದಂಗಡಿ. ಅವಳು ನನಗೆ ದೊಡ್ಡವ್ವ ಆಗಬೇಕು. ಇಬ್ಬರೂ ನದಿ ಕಡೆಯ ಒಂದು ಹಳ್ಳಿಯ ದಲಿತ ಕೇರಿಯವರು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಅವಳು ಚಿಕ್ಕವಳಿದ್ದಾಗ ಊರ ಹೋಟೆಲಿನ ಹೊರಗೋಡೆಯಲ್ಲಿ ಒಂದು ಗೂಡಿತ್ತಂತೆ. ಅದರಲ್ಲಿ ನಮ್ಮ ಕೇರಿಯವರಿಗೆಂದೇ ಬೇರೆ ಗ್ಲಾಸು. ಅದನ್ನು ನಾವೇ ತೆಗೆದುಕೊಂಡು ಹಿಡಿಯಬೇಕು, ಮೇಲಿನಿಂದ ಹೊಯ್ದದ್ದನ್ನು ಹೊರಗೆ ನಿಂತು ಕುಡಿಯಬೇಕು, ತೊಳೆದು ಮತ್ತೆ ಗೂಡಿಗೆ ಇಡಬೇಕು.

“ಅದರ ಅಂಚು ಒಡದಿತ್ತು ನೋಡು. ತುಟಿ ಕೊಯ್ಯೋದು. ಆದ್ರೂ ಯಾರೂ ಬ್ಯಾರೆ ತರ್ಲಿಲ್ಲ” ಎನ್ನುತ್ತಿದ್ದಳು.

ಗಂಡ ಓಬಣ್ಣ ಶಾಲೆಯೊಂದರಲ್ಲಿ ಜವಾನನಾಗಿದ್ದ. ಅವನು ತೀರಿಕೊಂಡ ಮೇಲೆ, ಮಗಳು ಸಮತಾಳನ್ನು ಓದಿಸಲು ಈ ಅಂಗಡಿ ಹಾಕಿದಳು. ಹಾಕಿದ್ದೂ ಎಂಥ ಜಂಬದಿಂದ! ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರ ಪಟ, ಕೆಳಗೆ ಹಲಗೆಯ ಮೇಲೆ ಒಂದೇ ತರದ ಗಾಜಿನ ಗ್ಲಾಸುಗಳ ಸಾಲು. ಪಟ ನೋಡಿದವರು ಇದು ಯಾವ ಕೇರಿಯವರ ಅಂಗಡಿಯೆಂದು ತಿಳಿದು ಮುಂದೆ ಹೋಗುತ್ತಿದ್ದರು. ಚಹಾ ಕುದಿದು ಕುದಿದು ಕಹಿಯಾಗಿ ಮೋರಿ ಸೇರುತ್ತಿತ್ತು. ನಾನು ಕುಡಿದರೆ ಅದು ಲೆಕ್ಕಕ್ಕಿಲ್ಲ, ನಾನು ಮನೆಯವನು.

ಮೊದಲು ಬಂದು ಕೂತವನು ಅಜ್ಜಯ್ಯ. ಕುರಿ ಸಾಕುವ ಮನೆಯ ಹಿರಿಯ, ಸಂತೆಗೆಂದು ಬಂದಿದ್ದ. ಹೆಗಲ ಕಂಬಳಿಯನ್ನು ಬೆಂಚಿನ ಮೇಲೆ ಹಾಸಿ ಕೂತು, ಕುಡಿದು, ಗ್ಲಾಸನ್ನು ಅವಳ ಕೈಗೇ ಕೊಟ್ಟ.

“ಚಲೋ ಮಾಡೀಯವ್ವ. ಇನ್ನೊಂದು ಹಾಕು.”

ದೊಡ್ಡವ್ವ ಅಂದು ಅಂಗಡಿಯ ಹಿಂದೆ ಹೋಗಿ ಅತ್ತಳು. ಅಂಥ ಹಿರಿಯನೇ ಕೂತ ಮೇಲೆ ಉಳಿದವರಿಗೇನು? ಬರಬರುತ್ತ ಡ್ರೈವರುಗಳು, ಮೇಷ್ಟ್ರುಗಳು, ಸಂತೆಯವರು ಎಲ್ಲ ಅವಳ ಬೆಂಚಿಗೆ ಬಂದರು. ಎಲ್ಲರ ಗ್ಲಾಸೂ ಒಂದೇ ಬಕೆಟ್ಟಿನ ಬಿಸಿನೀರಿನಲ್ಲಿ ಮುಳುಗಿ ಏಳುತ್ತಿತ್ತು. “ಯಾವುದು ಯಾರ್ದು ಹೇಳಲೇ ನೋಡೋಣ” ಎಂದು ನನ್ನನ್ನು ಕೆಣಕುತ್ತಿದ್ದಳು. ಹೇಳಲಾಗುತ್ತಿರಲಿಲ್ಲ. ಅವಳ ಬದುಕಿನ ದೊಡ್ಡ ಸಂತೋಷ ಅದೇ ಆಗಿತ್ತು.

ಆಮೇಲೆ ಕರೋನಾ ಬಂತು. ಮೊದಲು ಎಲ್ಲರ ಬಾಗಿಲನ್ನೂ ಹಾಕಿಸಿದರು. ನಂತರ ಆದೇಶದ ಮೇಲೆ ಆದೇಶ. ಇವತ್ತು ತೆರೆಯಿರಿ, ನಾಳೆ ಮುಚ್ಚಿರಿ, ಬೆಳಿಗ್ಗೆ ಮಾತ್ರ, ಪಾರ್ಸೆಲ್ ಮಾತ್ರ. ಸರ್ಕಾರಕ್ಕೂ ತಲೆ ಕೆಟ್ಟಿತ್ತು, ನಮಗೂ ಕೆಟ್ಟಿತ್ತು. ಮೊಬೈಲಿಗೆ ಬಂದದ್ದನ್ನು ನಾನೇ ಓದಿ ಹೇಳುತ್ತಿದ್ದೆ. ಕೂತು ಕುಡಿಯುವಂತಿಲ್ಲ, ಪೇಪರ್ ಕಪ್ಪಿನಲ್ಲೇ ಕೊಡಬೇಕು ಎಂದ ದಿನ ಅವಳು ಗ್ಲಾಸುಗಳನ್ನು ಹಳೆ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದಳು.

ಎದುರಿನ ಶಿವಯೋಗಿಯ ಹೋಟೆಲಿನಲ್ಲಿ ಮುಂಬಾಗಿಲಿಗೆ ಆದೇಶ ಅಂಟಿಸಿ, ಹಿಂಬಾಗಿಲಿನಿಂದ ಗಿರಾಕಿಗಳನ್ನು ಕರೆದು ಸ್ಟೀಲ್ ಲೋಟದಲ್ಲಿ ಕೊಡುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

“ನೀನೂ ಒಳಗ ಕುಂದ್ರಿಸಿ ಕೊಡು ದೊಡ್ಡವ್ವ. ಯಾರ್ ನೋಡ್ತಾರ?”

“ಬ್ಯಾಡಲೇ ಭೀಮೇಶ. ಗೂಡಿನಾಗಿನ ಗ್ಲಾಸು ತಗಿಸಿದ್ದು ಯಾವುದು? ಕಾನೂನ ಅಲ್ಲೇನು? ಅದು ನಮ್ಮ ಕಡಿ ನಿಂತೈತಿ. ಮಂದಿ ಮೀರಲಿ, ನಾವು ಮೀರಬಾರ್ದು.”

ಹೀಗೆ ನಂಬುವ ತಪ್ಪನ್ನು ನಮ್ಮವರೇ ಮಾಡಬೇಕು. ಕಾನೂನನ್ನು ಇಷ್ಟು ನಂಬಿದವರು ಆ ರಸ್ತೆಯಲ್ಲಿ ಬೇರೆ ಯಾರಿದ್ದರು?

ಕೊನೆಗೊಂದು ದಿನ ನಿರ್ಬಂಧಗಳೆಲ್ಲ ತೆರವಾದವು. ನಾನು ಓದಿ ಹೇಳಿದ್ದೇ ತಡ, ಟ್ರಂಕು ತೆರೆದು ಗ್ಲಾಸುಗಳನ್ನು ತಿಕ್ಕಿ ತಿಕ್ಕಿ ತೊಳೆದು ಹಲಗೆಗೆ ಜೋಡಿಸಿದಳು. ದಿನಾ ಬರುವ ಮೇಷ್ಟ್ರೊಬ್ಬರು ಬಂದರು.

“ನನಗ ಪೇಪರ್ ಕಪ್ ಇರ್ಲಿ ಬಿಡ್ರಿ. ಕಾಲ ಸರಿ ಇಲ್ಲ.”

ಪಾಪ, ಹೆದರಿದ್ದಾರೆ ಎಂದುಕೊಂಡೆವು. ಅವರ ಹಿಂದೆ ಬಂದವನೂ ಕಪ್ ಕೇಳಿದ, ಅವನ ಹಿಂದೆ ಬಂದವನೂ ಕೇಳಿದ. ಮರುದಿನ ಅದೇ ಮೇಷ್ಟ್ರು ಶಿವಯೋಗಿಯ ಹೋಟೆಲಿನಲ್ಲಿ ಆರಾಮಾಗಿ ಕೂತು ಸ್ಟೀಲ್ ಲೋಟಕ್ಕೆ ತುಟಿ ಹಚ್ಚಿದ್ದನ್ನು ಇಬ್ಬರೂ ನೋಡಿದೆವು. ರಸ್ತೆ ದಾಟಿದರೆ ರೋಗವೇ ಇಲ್ಲ!

ಸಮತಾ ಈಗ ಹೊಸಪೇಟೆಯಲ್ಲಿ ನರ್ಸ್. ಭಾನುವಾರ ಬಂದಾಗ ಸಮಾಧಾನ ಹೇಳಿದಳು. “ಹೋಗ್ಲಿ ಬಿಡವ್ವ. ಎಲ್ಲಾರಿಗೂ ಕಪ್ನಾಗ ಕೊಡು, ತೊಳಿಯೋದೂ ತಪ್ತೈತಿ.”

“ಊರಾಗೆಲ್ಲ ಕಪ್ ಆದ್ರ ನನಗೇನು ಬ್ಯಾಸರಿಲ್ಲ ಮಗಳ. ನನ್ನ ಅಂಗಡ್ಯಾಗ ಅಷ್ಟ ಯಾಕ?”

ಯಾವ ಠಾಣೆಗೆ ಹೋಗಿ ಏನೆಂದು ದೂರು ಕೊಡುವುದು? ಪೇಪರ್ ಕಪ್ ಕೇಳುವುದು ಅಪರಾಧವಲ್ಲ. ಗ್ಲಾಸು ತೆಗೆಸಲು ಆದೇಶ ಬಂದಿತ್ತು, ಅದನ್ನು ಗಿರಾಕಿಯ ಕೈಗೆ ಹಿಡಿಸಲು ಬರುವುದಿಲ್ಲ.

ದೊಡ್ಡವ್ವನಿಗೆ ಒಂದೇ ಆಸೆ ಉಳಿದಿತ್ತು. “ಅಜ್ಜಯ್ಯ ಬರ್ಲಿ ತಡಿ. ಆತ ಗ್ಲಾಸ್ ಹಿಡಿದ್ರ ಎಲ್ಲಾರೂ ಹಿಡೀತಾರ. ಮೊದಲೂ ಹಂಗ ಆಗಿತ್ತಲ್ಲ.” ಕರೋನಾ ಶುರುವಾದಾಗಿನಿಂದ ಮುದುಕ ಸಂತೆಯ ಕಡೆ ಬಂದಿರಲಿಲ್ಲ. ಪ್ರತಿ ಸಂತೆಗೂ ಅವಳು ಬಸ್ಸಿನಿಂದ ಇಳಿಯುವವರನ್ನು ನೋಡುತ್ತಿದ್ದಳು.

ಬಂದ. ಸೊರಗಿ ಹೋಗಿದ್ದ. ಮಗ ಚನ್ನಬಸವ ತೋಳು ಹಿಡಿದಿದ್ದ. ಅವರು ಈ ಕಡೆ ಬರುವ ಮೊದಲು ಮಗ ಎದುರು ಹೋಟೆಲಿನಲ್ಲಿ ಲೋಟದ ಚಹಾ ಕುಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅಪ್ಪ ಮಾತ್ರ ಪಕ್ಕೀರಮ್ಮನ ಚಹಾವೇ ಬೇಕೆಂದು ಹಠ ಮಾಡಿ ದಾಟಿ ಬಂದಿದ್ದ.

“ಬರ್ರಿ ಅಜ್ಜಯ್ಯಾ, ಕುಂದರ್ರಿ. ಎಷ್ಟು ದಿನ ಆತ್ರಿ!” ದೊಡ್ಡವ್ವ ಶುಂಠಿ ಜಜ್ಜಿದಳು, ಗಟ್ಟಿ ಹಾಲು ಹಾಕಿದಳು, ಗ್ಲಾಸು ತುಂಬಿ ಮುಂದೆ ಹಿಡಿದಳು. ಅಜ್ಜಯ್ಯ ಕೈ ಚಾಚಿದ.

“ಯಪ್ಪಾ, ಕಪ್ನಾಗ ತಗೋ” ಎಂದ ಚನ್ನಬಸವ.

“ನಿಮ್ಮಪ್ಪಾರು ಯಾವಾಗ್ಲೂ ಇದರಾಗ ಕುಡೀತಿದ್ರಪ್ಪ.”

“ಆವಾಗಿಂದು ಬ್ಯಾರೆ ಬಿಡ್ರಿ.”

ಚಾಚಿದ ಕೈ ಹಾಗೇ ಸ್ವಲ್ಪ ಹೊತ್ತು ನಿಂತಿತು. ಮುದುಕ ಈಗ ಉಣ್ಣುವುದು ಮಗನ ಕೈಯಲ್ಲಿ, ನಡೆಯುವುದು ಮಗನ ತೋಳು ಹಿಡಿದು. ಕೈ ಹಿಂದಕ್ಕೆ ಬಂತು.

“ಕಪ್ನಾಗ ಹಾಕವ್ವ” ಎಂದ, ನೆಲ ನೋಡುತ್ತ.

ಹಾಕಿಕೊಟ್ಟಳು. ಅರ್ಧ ಕುಡಿದು, ಕಪ್ಪನ್ನು ಬುಟ್ಟಿಗೆ ಹಾಕಿ, “ಬರ್ತೀನವ್ವ” ಎಂದು ಎದ್ದ. ಅವಳ ಮುಖ ನೋಡಲಿಲ್ಲ. ನನಗೆ ಮಗನ ಮೇಲೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ, ಮುದುಕನ ಮೇಲೆ ಮಾತ್ರ ಸಿಟ್ಟು ಬರಲಿಲ್ಲ, ಅಳು ಬಂತು.

ತುಂಬಿದ ಗ್ಲಾಸು ಅಲ್ಲೇ ಇತ್ತು. ಅದನ್ನು ಅವಳೇ ಕುಡಿದಳು. ಇನ್ನೊಂದರಲ್ಲಿ ನನಗೆ ಹಾಕಿಕೊಟ್ಟಳು. ಉಳಿದವನ್ನು ಸೀರೆಯಲ್ಲಿ ಸುತ್ತಿ ಮತ್ತೆ ಟ್ರಂಕಿಗೆ ಹಾಕಿದಳು.

ಈಗ ಅಂಗಡಿ ಚೆನ್ನಾಗಿಯೇ ನಡೆಯುತ್ತದೆ. ಗಿರಾಕಿಗಳು ನಗುತ್ತ ಮಾತಾಡಿಸುತ್ತಾರೆ, ಸಂಜೆಗೆ ಬುಟ್ಟಿ ತುಂಬ ಪೇಪರ್ ಕಪ್ಪುಗಳು. ಹೊರಗಿರುವ ಗ್ಲಾಸು ಎರಡೇ, ಒಂದು ಅವಳದು, ಒಂದು ನನ್ನದು. ಯಾರ ಕೈಯೋ ತಗಲಿ ಒಡೆದಾವೆಂದು ಅವನ್ನು ಹಿಂದಿನ ಗೋಡೆಯ ಗೂಡಿನಲ್ಲಿಟ್ಟಿದ್ದಾಳೆ. ಕುಡಿದಾದ ಮೇಲೆ ನಾವೇ ತೊಳೆದು ಅಲ್ಲಿಡುತ್ತೇವೆ.