ಕಲ್ಲಿನ ಮೂರನೆಯ ಸಾಲು

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಅಹಮದಾಬಾದಿನ ಒಂದು ಸಂಶೋಧನಾ ಕೇಂದ್ರದಲ್ಲಿ ಉಪಕರಣಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಬಾಗಲಕೋಟೆಯಲ್ಲಿ ನಮ್ಮತ್ತೆ ದೆವ್ವದ ಕಥೆ ಶುರು ಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಇದನ್ನು ಬರೆಯಲು ಎಂಟು ವರ್ಷ ಬೇಕಾಯಿತು. ನೀವು ನಂಬಲೇಬೇಕೆಂದು ಒತ್ತಾಯವಿಲ್ಲ.

ಅದು ಚಳಿಗಾಲದ ಒಂದು ಭಾನುವಾರ, ಮಧ್ಯಾಹ್ನ ಮೂರರ ಹೊತ್ತು. ಒಂಬತ್ತು ವರ್ಷದ ಮಗಳು ಅನಘಾಳನ್ನು ಕೂರಿಸಿಕೊಂಡು ನಗರದ ಪೂರ್ವಭಾಗದಿಂದ ಮನೆಗೆ ಬರುತ್ತಿದ್ದೆ. ಮುಚ್ಚಿಹೋದ ಬಟ್ಟೆ ಗಿರಣಿಯೊಂದರ ಎದುರು ಸ್ಕೂಟರ್ ಪಂಕ್ಚರ್ ಆಯಿತು. ಅಲ್ಲೇ ಇದ್ದ ರಿಪೇರಿ ಅಂಗಡಿಯವನು ಅರ್ಧ ಗಂಟೆ ಬೇಕೆಂದ. ಗಿರಣಿಯ ಗೇಟಿನ ಪಕ್ಕ, ರಸ್ತೆಯಂಚಿನಲ್ಲಿ ಎದೆಯೆತ್ತರದ ಸ್ಮಾರಕದ ಕಲ್ಲು ನಿಂತಿತ್ತು. ವಯಸ್ಸಾದವರೊಬ್ಬರು ಒದ್ದೆ ಬಟ್ಟೆಯಿಂದ ಅದರ ಧೂಳು ಒರೆಸುತ್ತಿದ್ದರು. ಅವರ ಹೆಸರು ಮೋಹನಕಾಕಾ ಎಂದು ಆಮೇಲೆ ತಿಳಿಯಿತು.

ಕಲ್ಲಿನ ಮೇಲೆ ಗುಜರಾತಿಯಲ್ಲಿ ಎರಡು ಸಾಲು. ನನಗೆ ಆ ಭಾಷೆ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. "ಪಪ್ಪಾ, ರುಕೋ, ನಾ ಓದ್ತೀನಿ" ಎಂದು ಅನಘಾ ಮುಂದೆ ಬಂದಳು. ಶಾಲೆಯಲ್ಲಿ ಆಗಷ್ಟೇ ಕಲಿತ ಅಕ್ಷರಗಳು. ಬೆರಳಿಟ್ಟು ತಡವರಿಸುತ್ತ ಓದಿದಳು. ಗಿರಣಿ ಕೆಲಸಗಾರರ ಮೊದಲ ಸಂಘ ಕಟ್ಟಿದ ನಾಯಕರ ಹೆಸರು, ಇದೇ ಗೇಟಿನೆದುರು ಅವರು ಹರತಾಳ ಕುಳಿತರೆಂಬ ಮಾತು.

ಬರಹ ಅಲ್ಲಿಗೆ ಮುಗಿದಿತ್ತು. ಅವಳ ಬೆರಳು ಮಾತ್ರ ನಿಲ್ಲಲಿಲ್ಲ. ಕೆಳಗಿನ ಖಾಲಿ ಕಲ್ಲಿನ ಮೇಲೆ ಸರಿಯುತ್ತ ಹೋಯಿತು. "ಅವರ ಪಕ್ಕ ಮೊದಲು ಬಂದು ಕುಳಿತವಳು ಚಕಲಿ" ಎಂದು ಗುಜರಾತಿಯಲ್ಲಿ, ಆ ಬೀದಿಯ ಹೆಂಗಸರ ರಾಗದಲ್ಲಿ, ಎಲ್ಲಿಯೂ ತಡವರಿಸದೆ ಓದಿದಳು.

ನಮ್ಮ ಕಡೆ ಚಕಲಿಯೆಂದರೆ ಚಕ್ಕುಲಿ. ನನಗೆ ನಗು ಬಂತು. "ಹಸಿವಾತೇನವಾ?" ಎಂದೆ.

ಮೋಹನಕಾಕಾರ ಕೈಯಿಂದ ಬಟ್ಟೆ ಬಿತ್ತು. "ದೀಕರಿ, ಫರೀಥೀ ವಾಂಚ್" ಎಂದರು, ಮತ್ತೊಮ್ಮೆ ಓದು ಮಗಳೇ ಎಂದು. ಅನಘಾ ಮೊದಲಿನಂತೆಯೇ ತಡವರಿಸುತ್ತ ಎರಡು ಸಾಲು ಓದಿ, "ಖತಮ್, ಇಷ್ಟೇ ಅದ" ಎಂದಳು. ಇನ್ನೊಂದು ಸಾಲು ಓದಿದೆಯಲ್ಲ ಎಂದು ನಾನು ಒತ್ತಿ ಕೇಳಿದ್ದಕ್ಕೆ ಅವಳ ಕಣ್ಣು ತುಂಬಿತು.

ಮೋಹನಕಾಕಾ ಅಲ್ಲೇ ಕುಳಿತು ಅತ್ತುಬಿಟ್ಟರು. ಅವರ ತಾಯಿ ಈ ಗಿರಣಿಯಲ್ಲಿ ನೂಲು ಸುತ್ತುತ್ತಿದ್ದರಂತೆ. ಹರತಾಳದ ಮೊದಲ ದಿನ ಗಂಡಸರೇ ಹಿಂಜರಿದಾಗ, ಬಂದು ನಾಯಕರ ಬದಿಗೆ ಕುಳಿತವರು ಅವರು.

"ಕಲ್ಲು ನಿಲ್ಲಿಸುವಾಗ ಆಕೆಯ ಹೆಸರೂ ಇರಲಿ ಅಂತ ಎಷ್ಟು ಜನರ ಕಾಲು ಹಿಡಿದೆ, ಸಾಹೇಬ್! ದಾಖಲೆ ಇಲ್ಲ ಅಂದರು" ಎಂದು ಹಿಂದಿಯಲ್ಲಿ ಹೇಳಿದರು. "ಹೊರಗೆ ಎಲ್ಲರಿಗೂ ಆಕೆ ಜೀವಿಬೆನ್. ಚಕಲಿ ಅಂದರೆ ಗುಬ್ಬಿ. ಹಾಗೆ ಕರೀತಿದ್ದವರು ನಮ್ಮಪ್ಪ ಒಬ್ಬರೇ, ಅದೂ ಮನೆಯೊಳಗೆ. ಈ ಮಗುವಿಗೆ ಯಾರು ಹೇಳಿದರು?"

ನಾನು ಅಂಗೈಯಿಂದ ಆ ಖಾಲಿ ಜಾಗ ಸವರಿದೆ. ನುಣ್ಣಗಿತ್ತು. ಕೆತ್ತಿ ಅಳಿಸಿದ ಗುರುತೂ ಇರಲಿಲ್ಲ.

ಮುಂದಿನ ಭಾನುವಾರ ಅವರು ಬೇಡಿಕೊಂಡಿದ್ದಕ್ಕೆ ಮತ್ತೆ ಹೋದೆವು. ಸೂರತ್ತಿನಿಂದ ತಂಗಿಯನ್ನು ಕರೆಸಿದ್ದರು. ಕಣ್ಣು ಮಂಜಾದ ಆ ಮುದುಕಿ ಕಲ್ಲಿನೆದುರು ಸೆರಗು ಹೊದ್ದು ಕುಳಿತಿದ್ದರು. ಅನಘಾ ಎರಡು ಸಾಲು ಓದಿ ನಿಂತಳು. ನಾವೆಲ್ಲ ಕಾದೆವು. ರಿಕ್ಷಾಗಳು ಹಾದುಹೋದವು. ಅವಳು ಮತ್ತೇನೂ ಓದಲಿಲ್ಲ. ನನಗೆ ಅವರ ಮುಖ ನೋಡಲಾಗಲಿಲ್ಲ. ಮುದುಕಿ ಅನಘಾಳ ಬೆರಳನ್ನು ಕಣ್ಣಿಗೊತ್ತಿಕೊಂಡು, "ಅಣ್ಣ ಕೇಳಿದ್ದಾನಲ್ಲ, ಸಾಕು" ಎಂದರು.

ಮೋಹನಕಾಕಾ ಈಗಿಲ್ಲ. ಅನಘಾಗೆ ಹದಿನೇಳು. ಪಂಕ್ಚರ್ ಆದದ್ದು, ಮುದುಕರು ಅತ್ತದ್ದು ಅವಳಿಗೆ ನೆನಪಿದೆ, ಆ ಸಾಲು ನೆನಪಿಲ್ಲ. ಕಾಕತಾಳೀಯ ಎಂದುಕೊಳ್ಳಲು ನಾನು ಬಹಳ ಪ್ರಯತ್ನಿಸಿದ್ದೇನೆ. ಆದರೆ ಆ ಮಧ್ಯಾಹ್ನ ಬರಿ ಕಲ್ಲಿನ ಮೇಲೆ ಅವಳ ಬೆರಳು ಒಂದೊಂದು ಪದ ಮುಗಿದಾಗಲೂ ತುಸು ಮೇಲೆದ್ದು, ಒಂದಿಷ್ಟು ಜಾಗ ಬಿಟ್ಟು, ಮುಂದಿನ ಪದದ ಮೇಲೆ ಇಳಿಯುತ್ತಿತ್ತು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.